ದಿಲ್ಲಿಯ ಕಮಾನು: ಆಕಾರ ಬಿಡಿ, ಸಂದು ನೋಡಿ

ದಿಲ್ಲಿ ಸುತ್ತಿ ಬಂದು ಎರಡು ದಿನ ಆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಯಾವ ಸುಲ್ತಾನನ ನಂತರ ಯಾರು ಅನ್ನೋದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ. ನಾನು ಎಡವಿದ್ದು ಕಮಾನಿನಲ್ಲಿ.

ಕುತುಬ್ ಮಿನಾರಿನ ಪಕ್ಕದ ಕುವ್ವತ್-ಉಲ್-ಇಸ್ಲಾಂ ಮಸೀದಿಯಲ್ಲಿ ಎತ್ತರದ ಕಮಾನುಗಳ ಗೋಡೆ ಇದೆ. 1199ರ ಸುಮಾರಿನದು. ‘ಇವು ನಿಜವಾದ ಕಮಾನುಗಳಲ್ಲ’ ಎಂದು ಓದಿಕೊಂಡು ಹೋಗಿದ್ದೆ. ಎದುರು ನಿಂತರೆ ಕಮಾನೇ! ಇದು ಕಮಾನಲ್ಲದಿದ್ದರೆ ಇನ್ಯಾವುದು ಅಂತ ತಲೆ ಕೆಟ್ಟಿತು.

ತಪ್ಪು ನನ್ನದೇ. ನಾನು ಬಾಗಿದ ಆಕಾರ ನೋಡುತ್ತಿದ್ದೆ. ನೋಡಬೇಕಾದದ್ದು ಕಲ್ಲು ಕಲ್ಲಿನ ನಡುವಿನ ಸಂದು.

ಮೇಜಿನ ಮೇಲೆ ಪುಸ್ತಕಗಳ ಎರಡು ಅಟ್ಟಿ ಇಡಿ. ಒಂದೊಂದು ಪುಸ್ತಕವನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ. ಕೊನೆಗೆ ಎರಡೂ ಅಟ್ಟಿ ಮೇಲೆ ಸೇರುತ್ತವೆ. ಪುಸ್ತಕಗಳೆಲ್ಲ ಅಡ್ಡಡ್ಡ ಮಲಗಿಯೇ ಇವೆ, ಅಲ್ವಾ? ಒಳಕ್ಕೆ ಮಗುಚದಂತೆ ಹಿಂಭಾಗದ ಮೇಲೆ ಭಾರ ಹೇರಬೇಕು. ಆ ಗೋಡೆಯೂ ಇಷ್ಟೇ. ಸಂದುಗಳು ನೆಲಕ್ಕೆ ಸಮನಾಗಿ ಮಲಗಿವೆ. ಅಂಚನ್ನು ಮಾತ್ರ ಕಮಾನಿನಂತೆ ಬಾಗಿಸಿದ್ದಾರೆ. ಕಟ್ಟಿಸಿದವರಿಗೆ ಬೇಕಿದ್ದದ್ದು ಹೊಸ ಆಕಾರ, ಇಲ್ಲಿನ ಕಲ್ಲುಕುಟಿಗರಿಗೆ ಗೊತ್ತಿದ್ದದ್ದು ಹಳೆಯ ವಿಧಾನ. ಸೋಮನಾಥಪುರದ ದೇವಾಲಯದಲ್ಲಿ (1258) ತಲೆಯೆತ್ತಿ ಭುವನೇಶ್ವರಿ (ಕೆತ್ತನೆಯ ಒಳಛಾವಣಿ) ನೋಡಿದ್ದೀರಲ್ಲ? ಅಲ್ಲೂ ಕಲ್ಲು ಸುತ್ತುಸುತ್ತಾಗಿ ಒಳಕ್ಕೆ ಚಾಚುತ್ತಾ ಮೇಲೇರುತ್ತದೆ.

ನಿಜವಾದ ಕಮಾನಿನಲ್ಲಿ ಕಲ್ಲುಗಳು ಮಲಗುವುದಿಲ್ಲ, ಓರೆಯಾಗಿ ನಿಲ್ಲುತ್ತವೆ. ಒಂದೊಂದೂ ಬೆಣೆಯ ಹಾಗೆ: ಮೇಲೆ ಅಗಲ, ಕೆಳಗೆ ಕಿರಿದು. ಕೆಳಗೆ ಜಾರಲು ಹೋದರೆ ಪಕ್ಕದವನ್ನು ಒತ್ತುತ್ತದೆ, ಅಲ್ಲೇ ಬಿಗಿಯುತ್ತದೆ. ನೆತ್ತಿಯ ಕಲ್ಲು ಕೂರುವವರೆಗೆ ಅಡಿಯಲ್ಲಿ ಮರದ ಆಸರೆ ಬೇಕು. ಸಂದುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿರುತ್ತವೆ. ಇಲ್ಲಿ ಮತ್ತೊಮ್ಮೆ ಮೋಸಹೋದೆ. ಗೆರೆಗಳೆಲ್ಲ ಒಂದೇ ಬಿಂದುವಿಗೆ ಸೇರಬೇಕು ಅಂತ ಹುಡುಕುತ್ತಿದ್ದೆ. ಮೊನಚು ಕಮಾನಿಗೆ ಕೇಂದ್ರ ಒಂದಕ್ಕಿಂತ ಜಾಸ್ತಿ, ಹಾಗಾಗಿ ಸೇರುವುದಿಲ್ಲ. ಓರೆ ಇದೆಯಾ ಅಂತ ನೋಡಿ, ಸಾಕು.

ಈ ಒತ್ತಡ ಕೊನೆಗೆ ಎರಡೂ ಬದಿಯ ಗೋಡೆಗೆ ಹೋಗುತ್ತದೆ. ನುಣ್ಣನೆ ನೆಲದ ಮೇಲೆ ಇಬ್ಬರು ಅಂಗೈಗೆ ಅಂಗೈ ಕೊಟ್ಟು ವಾಲಿದರೆ ಕಾಲು ಹೊರಕ್ಕೆ ಜಾರುತ್ತದಲ್ಲ, ಅದೇ. ಅದಕ್ಕೇ ಗೋಡೆ ಅಷ್ಟು ದಪ್ಪ.

ಇದನ್ನು ನೋಡಲು ನನಗೆ ಇಷ್ಟವಾದ ಜಾಗ ಮೆಹ್ರೌಲಿಯ ಬಲ್ಬನ್ ಗೋರಿ. ಸುಲ್ತಾನ ಬಲ್ಬನ್ ತೀರಿಕೊಂಡದ್ದು 1287ರಲ್ಲಿ. ಭಾರತದಲ್ಲಿ ಉಳಿದಿರುವ ಮೊದಮೊದಲ ನಿಜ ಕಮಾನುಗಳು ಇವು ಎನ್ನುತ್ತಾರೆ. ಗುಮ್ಮಟ ಬಿದ್ದಿದೆ, ಗಾರೆ ಉದುರಿದೆ. ಒಳ್ಳೆಯದೇ ಆಯಿತು! ಗಾರೆ ಇದ್ದಲ್ಲಿ ಸಂದು ಕಾಣುವುದೇ ಇಲ್ಲ. ಕಲಿಯಲು ಪಾಳುಬಿದ್ದ ಕಟ್ಟಡವೇ ಮೇಲು.

ಅಲ್ಲಿಂದ ಕುತುಬ್ ಆವರಣದ ಹೆಬ್ಬಾಗಿಲು ಅಲಾಯಿ ದರ್ವಾಜಾಕ್ಕೆ (1311) ಬನ್ನಿ. ಕೆಂಪು ಕಲ್ಲು, ಬಿಳಿ ಅಮೃತಶಿಲೆ, ಕುದುರೆ ಲಾಳದ ಆಕಾರದ ಕಮಾನು. ಇಲ್ಲಿ ಕಮಾನೂ ಗುಮ್ಮಟವೂ ನಿಜವಾದವೇ. ಮಸೀದಿಯ ಗೋಡೆಯಿಂದ ಇಲ್ಲಿಗೆ ಕೆಲವೇ ಹೆಜ್ಜೆ, ನಡುವೆ ನೂರಕ್ಕೂ ಹೆಚ್ಚು ವರ್ಷ.

ಘಿಯಾಸುದ್ದೀನ್ ತುಘಲಕ್ ಗೋರಿಯಲ್ಲಿ (ಸುಮಾರು 1325) ಕಮಾನಿನ ಕೆಳಗೇ ಒಂದು ಅಡ್ಡತೊಲೆಯೂ ಇದೆ. ಕಮಾನು ಭಾರ ಹೊತ್ತ ಮೇಲೆ ತೊಲೆ ಯಾಕೆ? ಕಮಾನಿನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲವೇನೋ ಅನ್ನಿಸಿ ನಗು ಬಂತು. ಚೆಂದಕ್ಕೇ ಇಟ್ಟಿರಲೂಬಹುದು.

ಹುಮಾಯೂನ್ ಗೋರಿಯ ಹೊತ್ತಿಗೆ ಕಮಾನು ಎಲ್ಲರಿಗೂ ಕರಗತ. ಅಲ್ಲಿ ನೋಡಬೇಕಾದ್ದು ಜೋಡಿ ಗುಮ್ಮಟ: ಒಳಗಿನಿಂದ ಕಾಣುವುದೇ ಬೇರೆ, ಹೊರಗಿನದೇ ಬೇರೆ, ನಡುವೆ ಖಾಲಿ. ಸಫ್ದರ್‌ಜಂಗ್ ಗೋರಿ ಸಂಜೆಯ ಬೆಳಕಿನಲ್ಲಿ ಚೆನ್ನಾಗಿದೆ, ಆದರೆ ಅಲ್ಲಿ ಗಾರೆ ಗಟ್ಟಿಯಾಗಿದೆ, ಸಂದು ಹುಡುಕಬೇಡಿ.