7 ಡಿಗ್ರಿ ದಾಟಿತು, ವಿಂಟರ್ ಟೈರ್ ತೆಗೆಯಬಹುದಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ ಬಂದವರು ನಾವು. ಜರ್ಮನಿಯಲ್ಲಿ ಇದು ನಮ್ಮ ಮೊದಲ ಚಳಿಗಾಲ. ಈಗ ಮಾರ್ಚ್‌ನಲ್ಲೇ ಮಧ್ಯಾಹ್ನ 14 ಡಿಗ್ರಿ ಇದೆ. 7 ಡಿಗ್ರಿ ದಾಟಿದರೆ ವಿಂಟರ್ ಟೈರ್ ತೆಗೆಯಬೇಕು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಈಗಲೇ ಬದಲಾಯಿಸಬಹುದಾ? ತಡವಾದರೆ ದಂಡ ಹಾಕ್ತಾರಾ?

ಉತ್ತರ: ಈಗಲೇ ಬೇಡ. ದಂಡ ಹಾಕಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿ ಮಾರ್ಚ್‌ನಲ್ಲೂ ಇದೇ ಪ್ರಶ್ನೆ, ಅದೇ 7 ಡಿಗ್ರಿ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ, ನನಗೂ ಪುಣ್ಯ ಬರುತ್ತದೆ.

ಮೊದಲು ದಂಡದ ಮಾತು ಮುಗಿಸೋಣ. ಜರ್ಮನಿಯ ಕಾನೂನು ವಿಂಟರ್ ಟೈರ್‌ಗೆ ತಾರೀಖು ಕೊಟ್ಟಿಲ್ಲ. 2010ರ ಕೊನೆಯಿಂದ ಇರುವ ನಿಯಮ ನೋಡುವುದು ರಸ್ತೆಯನ್ನು. ಹಿಮ, ಕರಗಿದ ಹಿಮದ ರಾಡಿ, ಮಂಜುಗಡ್ಡೆ, ಹೆಪ್ಪುಗಟ್ಟಿದ ಇಬ್ಬನಿ, ಇವುಗಳಿಂದ ರಸ್ತೆ ಜಾರುತ್ತಿದ್ದರೆ ವಿಂಟರ್ ಟೈರ್ ಬೇಕೇ ಬೇಕು. ಇಲ್ಲದೆ ಓಡಿಸಿದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ಮೇಲೆ ಒಂದು ಪಾಯಿಂಟ್. ಅದು ಜನವರಿಯಾದರೂ ಅಷ್ಟೇ, ಮೇ ತಿಂಗಳಾದರೂ ಅಷ್ಟೇ. ಜುಲೈನಲ್ಲಿ ವಿಂಟರ್ ಟೈರ್ ಹಾಕಿಕೊಂಡು ಓಡಾಡಿದರೆ ಪೊಲೀಸರು ಏನೂ ಕೇಳುವುದಿಲ್ಲ. ಟೈರಿನ ಗೆರೆಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ಅಷ್ಟೇ.

ಇನ್ನು 'ಓ ಬಿಸ್ ಓ' ಅನ್ನುವ ಜರ್ಮನ್ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಂದರೆ ಅಕ್ಟೋಬರ್‌ನಿಂದ ಓಸ್ಟರ್ನ್, ನಮ್ಮ ಮಾತಿನಲ್ಲಿ ಈಸ್ಟರ್, ಬರುವ ತನಕ ವಿಂಟರ್ ಟೈರ್. ನೆನಪಿಟ್ಟುಕೊಳ್ಳಲು ಸುಲಭ. ಆದರೆ ಈಸ್ಟರ್ ಕೂಡ ನಮ್ಮ ಯುಗಾದಿಯ ಹಾಗೆ ಚಂದ್ರನ ಲೆಕ್ಕದಲ್ಲಿ ಓಡಾಡುವ ಹಬ್ಬ. ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ನಡುವೆ ಮೂರು ವಾರದ ವ್ಯತ್ಯಾಸ. ಹುಣ್ಣಿಮೆ ನೋಡಿ ಟೈರ್ ಬದಲಾಯಿಸುವುದಾದರೆ ಊರಿಂದ ಪಂಚಾಂಗ ತರಿಸಿಕೊಂಡರೆ ಸಾಕಲ್ವಾ?

ಈಗ ಆ 7 ಡಿಗ್ರಿಗೆ ಬರೋಣ.

7ಕ್ಕಿಂತ ಕೆಳಗೆ ಸಮ್ಮರ್ ಟೈರ್ ಕಲ್ಲಾಗುತ್ತದೆ, 7ಕ್ಕಿಂತ ಮೇಲೆ ವಿಂಟರ್ ಟೈರ್ ಕರಗುತ್ತದೆ ಎಂಬಂತೆ ಜನ ಮಾತಾಡುತ್ತಾರೆ. ಟೈರಿನ ರಬ್ಬರ್ ಕೊಬ್ಬರಿ ಎಣ್ಣೆಯಲ್ಲ, ಇಂಥ ಡಿಗ್ರಿಗೆ ಬಂದಾಗ ದಿಢೀರ್ ಅಂತ ಗಟ್ಟಿಯಾಗಲು. ಚಳಿ ಹೆಚ್ಚಿದಂತೆ ಅದು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತಾ ಹೋಗುತ್ತದೆ. 8 ಡಿಗ್ರಿಗೂ 6 ಡಿಗ್ರಿಗೂ ನಡುವೆ ಯಾವ ಗೋಡೆಯೂ ಇಲ್ಲ. ಯಾವ ಕಂಪನಿಯ ಯಾವ ಟೈರ್, ಎಷ್ಟು ಸವೆದಿದೆ ಅನ್ನುವುದರ ಮೇಲೂ ಲೆಕ್ಕ ಬದಲಾಗುತ್ತದೆ. ಕಾನೂನಿನಲ್ಲಂತೂ 7 ಎಂಬ ಅಂಕಿ ಹುಡುಕಿದರೂ ಸಿಗದು. ಟೈರ್ ಮಾರುವವರ ಜಾಹೀರಾತಿನಲ್ಲಿ ಮಾತ್ರ ತಪ್ಪದೆ ಇರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ವಿಂಟರ್ ಟೈರ್ ಇರುವುದು ಮುಖ್ಯವಾಗಿ ಥಂಡಿಗಲ್ಲ, ರಸ್ತೆಯ ಮೇಲೆ ಬಿದ್ದಿರುವುದಕ್ಕೆ. ಅದರ ಮೈತುಂಬ ಇರುವ ಸಣ್ಣ ಸಣ್ಣ ಸೀಳುಗಳನ್ನು ನೋಡಿ. ಅವು ಹಿಮವನ್ನು ಕಚ್ಚಿ ಹಿಡಿಯಲು ಮಾಡಿದವು. ಒಣಗಿದ ರಸ್ತೆಯಲ್ಲಿ 5 ಡಿಗ್ರಿ ಇದ್ದರೂ ಒಳ್ಳೆಯ ಸಮ್ಮರ್ ಟೈರ್ ಬ್ರೇಕ್ ಹಾಕಿದ ಕಡೆ ಚೆನ್ನಾಗಿಯೇ ನಿಲ್ಲುತ್ತದೆ. ಅದೇ ಟೈರ್, ಅದೇ ಬೆಳಿಗ್ಗೆ, ಒಂದು ತೆಳು ಹಿಮದ ಪದರ ಸಿಕ್ಕಿದರೆ ಮುಗಿಯಿತು. ಸ್ಟೀರಿಂಗ್ ನಿಮ್ಮ ಕೈಯಲ್ಲಿರುತ್ತದೆ, ಕಾರು ಇರುವುದಿಲ್ಲ. ಹಾಗಾಗಿ ಡಿಗ್ರಿ ನೋಡುವುದೇ ಆದರೆ 7 ಬಿಡಿ, ಸೊನ್ನೆಯ ಅಕ್ಕಪಕ್ಕ ನೋಡಿ.

ನೋಡುವ ಹೊತ್ತೂ ಮುಖ್ಯ. ನೀವು ಬರೆದಿರುವ 14 ಡಿಗ್ರಿ ಮಧ್ಯಾಹ್ನದ್ದು. ಮಧ್ಯಾಹ್ನ ನೀವು ಆಫೀಸಿನಲ್ಲಿರುತ್ತೀರಿ, ಕಾರು ಪಾರ್ಕಿಂಗ್‌ನಲ್ಲಿರುತ್ತದೆ. ಕಾರು ಓಡುವುದು ಬೆಳಿಗ್ಗೆ ಏಳಕ್ಕೆ. ಮೋಡವಿಲ್ಲದ ರಾತ್ರಿಯಲ್ಲಿ ರಸ್ತೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಹವಾಮಾನ ಕೇಂದ್ರದವರು ಅಳೆಯುವುದು ನೆಲದಿಂದ ಎರಡು ಮೀಟರ್ ಮೇಲಿನ ಗಾಳಿಯನ್ನು. ಅಲ್ಲಿ 3 ಡಿಗ್ರಿ ಇದ್ದಾಗಲೂ ಕೆಳಗೆ ಡಾಂಬರಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರಬಹುದು. ಸೇತುವೆಗಳ ಮೇಲೆ ಇನ್ನೂ ಜಾಸ್ತಿ, ಯಾಕೆಂದರೆ ಅವಕ್ಕೆ ಕೆಳಗಿನಿಂದಲೂ ಥಂಡಿ ಗಾಳಿ ಹೊಡೆಯುತ್ತದೆ. ನಿಮ್ಮ ಕಾರು 3 ಅಥವಾ 4 ಡಿಗ್ರಿಗೆ ಇಳಿದ ಕೂಡಲೇ 'ಟಿಂಗ್' ಅಂತ ಸದ್ದು ಮಾಡಿ ಹಿಮದ ಚಿತ್ರ ತೋರಿಸುತ್ತದಲ್ಲ, ಸುಮ್ನೆ ಅಲ್ಲ ಅದು.

ನನ್ನ ಲೆಕ್ಕವೂ ಅದರ ಮೇಲೇ ನಿಂತಿದೆ. ಬೆಳಿಗ್ಗೆ ಕಾರು ಇನ್ನೂ ಟಿಂಗ್ ಅನ್ನುತ್ತಿದ್ದರೆ ಟೈರ್ ಮುಟ್ಟಬೇಡಿ. ಆ ಸದ್ದು ನಿಂತು, ಮುಂದಿನ ಹತ್ತು ದಿನದ ಮುನ್ಸೂಚನೆಯಲ್ಲೂ ರಾತ್ರಿ ಸೊನ್ನೆಯ ಹತ್ತಿರ ಹೋಗುವುದಿಲ್ಲ ಅಂತಿದ್ದರೆ ತೆಗೆಯಿರಿ.

ಊರಿಂದ ಊರಿಗೆ ಇದು ಬೇರೆ. ರೈನ್ ನದಿಯ ಬಯಲಿನ ಮ್ಯಾನ್‌ಹೈಮ್, ಕಾರ್ಲ್ಸ್‌ರೂಹೆ ಕಡೆಯವರು ಏಪ್ರಿಲ್ ಮೊದಲಲ್ಲೇ ತೆಗೆದರೆ ನಾನು ಬೇಡ ಅನ್ನುವುದಿಲ್ಲ. ಮ್ಯೂನಿಕ್ ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ಎತ್ತರದಲ್ಲಿದೆ, ಆಲ್ಪ್ಸ್ ಪಕ್ಕದಲ್ಲೇ. ಅಲ್ಲಿಯವರು ಏಪ್ರಿಲ್ ಕೊನೆಯವರೆಗೂ ಕಾಯಲಿ. ನಿಮ್ಮ ಸ್ಟುಟ್‌ಗಾರ್ಟ್‌ನಲ್ಲಂತೂ ಒಂದೇ ಊರಲ್ಲಿ ಎರಡು ಹವೆ. ನಗರದ ನಡುಭಾಗ ತಗ್ಗಿನಲ್ಲಿ ಬೆಚ್ಚಗಿರುತ್ತದೆ, ಮೇಲೆ ಫೈಯಿಂಗನ್, ಬೋಬ್ಲಿಂಗನ್ ಕಡೆ ಹತ್ತಿದರೆ ಕಿವಿಗೆ ಗಾಳಿ ಹೊಡೆಯುತ್ತದೆ. ಉಲ್ಮ್ ಕಡೆಗೆ ಎ8 ಹೆದ್ದಾರಿ ಹಿಡಿದರೆ ಅದು ಶ್ವೇಬಿಶ್ ಆಲ್ಬ್ ಬೆಟ್ಟವನ್ನೇ ಹತ್ತುತ್ತದೆ. ಮನೆ ಮುಂದಿನ ಬೀದಿ ನೋಡಿ ತೀರ್ಮಾನ ಮಾಡಬೇಡಿ, ದಾರಿಯ ಅತಿ ಎತ್ತರದ ಜಾಗ ನೋಡಿ. ಈಸ್ಟರ್ ರಜೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಆಸ್ಟ್ರಿಯಾ ತೋರಿಸಬೇಕು ಅಂತಿದ್ದರೆ ಅದು ಮುಗಿಯುವ ತನಕ ವಿಂಟರ್ ಟೈರೇ ಇರಲಿ. ಅಲ್ಲಿಯ ವಿಂಟರ್ ಟೈರ್ ನಿಯಮ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ.

'ತಡ ಮಾಡಿದರೆ ಟೈರ್ ಸವೆಯುತ್ತೆ ಸರ್' ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಸವೆಯುತ್ತದೆ, ನಿಜ. ಮೆತ್ತಗಿನ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಹೋಗುತ್ತದೆ, ಬ್ರೇಕ್ ಹಾಕಿದರೆ ದೂರ ಹೋಗಿ ನಿಲ್ಲುತ್ತದೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ನಡೆಸಿದ ಪರೀಕ್ಷೆಗಳಲ್ಲಿ 100 ಕಿಲೋಮೀಟರ್ ವೇಗದಿಂದ ನಿಲ್ಲಲು ವಿಂಟರ್ ಟೈರ್ 16 ಮೀಟರ್‌ವರೆಗೂ ಹೆಚ್ಚು ದೂರ ತೆಗೆದುಕೊಂಡಿದೆ. ಆದರೆ ಅದು ಬೇಸಿಗೆಯ ಬಿಸಿಲಿನ ಲೆಕ್ಕ. ಅದಕ್ಕೇ ವರ್ಷಪೂರ್ತಿ ಅದರಲ್ಲೇ ಓಡಾಡಬೇಡಿ ಅನ್ನುವುದು. ಏಪ್ರಿಲ್‌ನ ತಂಪಿನಲ್ಲಿ ಎರಡು ವಾರ ಹೆಚ್ಚು ಓಡಿದರೆ ಹೋಗುವುದು ಅಲ್ಪಸ್ವಲ್ಪ ರಬ್ಬರ್. ಎರಡು ವಾರ ಮುಂಚೆ ತೆಗೆದು, ಒಂದು ಬೆಳಿಗ್ಗೆ ಹಿಮ ಬಿದ್ದರೆ ಹೋಗುವುದು ಬಂಪರ್, ಅದೃಷ್ಟ ಚೆನ್ನಾಗಿದ್ದರೆ.

ಅಂದ ಹಾಗೆ, ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ನಮ್ಮೂರು 7ಕ್ಕೆ ಇಳಿದದ್ದೇ ಇಲ್ಲ. ಟೈರ್ ಬೋಳಾದಾಗ ಮಾತ್ರ ಬದಲಾಯಿಸಿ ಅಭ್ಯಾಸ ಇರುವವರಿಗೆ ಇದೆಲ್ಲ ಹೊಸದು, ಒಪ್ಪುತ್ತೇನೆ.

ಹಾಗಾದರೆ ಕಳಚಿದ ಟೈರ್ ಏನು ಮಾಡುವುದು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದೇ. ಕೆಲ್ಲರ್‌ಗೆ, ಅಂದರೆ ನೆಲಮಾಳಿಗೆಗೆ, ಎಸೆಯುವ ಮುಂಚೆ ಒಂದು 2 ಯೂರೋ ನಾಣ್ಯವನ್ನು ಟೈರಿನ ಗೆರೆಯೊಳಗೆ ನಿಲ್ಲಿಸಿ. ಸುತ್ತಲಿನ ಬೆಳ್ಳಿಬಣ್ಣದ ಅಂಚು ಸುಮಾರು 4 ಮಿಲಿಮೀಟರ್. ಅದು ಪೂರ್ತಿ ಮುಳುಗದಿದ್ದರೆ ಮುಂದಿನ ಚಳಿಗಾಲಕ್ಕೆ ಆ ಟೈರ್ ಬೇಡ. ಪಕ್ಕದಲ್ಲಿ ಬೆಟ್ಟದೊಳಗೆ ಹಿಮಹರಳು ಇರುವ ಗುರುತು ಇದೆಯಾ ನೋಡಿ. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಅಂತ ಬರೆದ ಟೈರ್ 2024ರ ಅಕ್ಟೋಬರ್‌ನಿಂದ ಇಲ್ಲಿ ವಿಂಟರ್ ಟೈರ್ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಇದನ್ನು ತಪ್ಪದೆ ನೋಡಿ. ಯಾವ ಟೈರ್ ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ರಿಮ್ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ, ರಿಮ್ ಇಲ್ಲದಿದ್ದರೆ ನಿಲ್ಲಿಸಿಡಿ.

ವರ್ಕ್‌ಶಾಪಿನಲ್ಲಿ ಏಪ್ರಿಲ್ ಮಧ್ಯದ ನಂತರದ ಟರ್ಮೀನ್, ಅಂದರೆ ಅಪಾಯಿಂಟ್‌ಮೆಂಟ್, ಇವತ್ತೇ ತೆಗೆದುಕೊಳ್ಳಿ, ಆಮೇಲೆ ಸಿಗಲ್ಲ. ಟೈರ್ ಹಾಕಿಸಿ 50 ಕಿಲೋಮೀಟರ್ ಓಡಿಸಿದ ಮೇಲೆ ವಾಪಸ್ ಹೋಗಿ ಬೋಲ್ಟ್ ಬಿಗಿ ಇದೆಯಾ ಅಂತ ನೋಡಿಸಿ. ಬಿಲ್ಲಿನ ಕೆಳಗೆ ಅದನ್ನು ಬರೆದೇ ಕೊಟ್ಟಿರುತ್ತಾರೆ, ಯಾರೂ ಓದಲ್ಲ.