ಬಣ್ಣಕ್ಕಿಂತ ಮೊದಲು ಸಂದು ನೋಡಿ

ಒಂದು ತುಂಡು ಬಿಳಿ ಕಾಟನ್ ಬಟ್ಟೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಾಗೇ ಕಣ್ಣಿನ ಹತ್ತಿರ ತನ್ನಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿದರೆ ಇನ್ನೂ ಚೆನ್ನ. ದೂರದಿಂದ ಕಾಗದದ ಹಾಳೆಯಂತಿದ್ದದ್ದು ಈಗ ಜಾಲರಿಯ ಹಾಗೆ ಕಾಣುತ್ತದೆ. ಉದ್ದಕ್ಕೆ ಹೋಗಿರುವ ನೂಲು ಹಾಸು, ಅಡ್ಡಕ್ಕೆ ಬಂದಿರುವುದು ಹೊಕ್ಕು. ಅವುಗಳ ನಡುವೆ ಪುಟ್ಟ ಪುಟ್ಟ ಚೌಕದ ಸಂದುಗಳು. ಬೆಳಕು ಬರುತ್ತಿರುವುದು ಆ ಸಂದುಗಳಿಂದ. ಸೂಜಿ ಹೋಗಬೇಕಾದದ್ದೂ ಅಲ್ಲಿಂದಲೇ.

ಕಸೂತಿಗೆ ಬಟ್ಟೆ ಆರಿಸುವಾಗ ಸಾಮಾನ್ಯವಾಗಿ ನಾವು ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಮುಟ್ಟಿ ನುಣುಪು ನೋಡುತ್ತೇವೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಈ ಸಂದು. ಯಾಕೆ ಅಂದರೆ, ಕಸೂತಿ ಹಾಕುವುದು ಅಂದರೆ ಆಗಲೇ ನೂಲಿನಿಂದ ತುಂಬಿರುವ ಬಟ್ಟೆಗೆ ಇನ್ನಷ್ಟು ದಾರ ಸೇರಿಸುವುದು. ಆ ದಾರಕ್ಕೆ ಕೂರಲು ಜಾಗ ಬೇಕು ಅಲ್ವಾ? ಜಾಗ ಇಲ್ಲದ ಕಡೆ ತುರುಕಿದರೆ ಅಕ್ಕಪಕ್ಕದ ನೂಲುಗಳು ಸರಿದುಕೊಳ್ಳಬೇಕು. ಅವಕ್ಕೂ ಸರಿಯಲು ಜಾಗ ಇಲ್ಲದಿದ್ದರೆ ಬಟ್ಟೆ ಉಬ್ಬಿ ಮೇಲೇಳುತ್ತದೆ. ದಟ್ಟವಾಗಿ ತುಂಬಿದ ಎಲೆ, ಹೂವಿನ ಸುತ್ತ ಸುಕ್ಕು ಬರುತ್ತದಲ್ಲ, ಎಷ್ಟೋ ಸಲ ಅದರ ಮೂಲ ಇಲ್ಲಿರುತ್ತದೆ. ಹೊಲಿದವರು ಮಾತ್ರ ತಮ್ಮ ಕೈ ಬಿಗಿಯಾಯಿತು ಎಂದು ನೊಂದುಕೊಳ್ಳುತ್ತಾರೆ.

ಸಂದು ಜಾಸ್ತಿಯಾದರೆ ಬೇರೆ ತೊಂದರೆ. ತೀರಾ ತೆಳುವಾದ ವಾಯಿಲ್ ಅಥವಾ ಸಡಿಲ ನೇಯ್ಗೆಯ ಬಟ್ಟೆಯಲ್ಲಿ ದಾರಕ್ಕೆ ಆಸರೆ ಇರುವುದಿಲ್ಲ. ಸ್ವಲ್ಪ ಎಳೆದರೆ ನೂಲುಗಳು ಒತ್ತಾಗಿ ಸರಿದು ತೂತು ಬೀಳುತ್ತದೆ. ಗಂಟು ಹಿಂದಿನಿಂದ ಮುಂದಕ್ಕೆ ನುಸುಳಿಬಿಡುತ್ತದೆ. ಒಂದು ಹೂವಿನಿಂದ ಇನ್ನೊಂದಕ್ಕೆ ಹಿಂಬದಿಯಲ್ಲೇ ದಾಟಿಸಿದ ಕಪ್ಪು ದಾರ ಮುಂದೆ ನೆರಳಿನಂತೆ ಕಾಣುತ್ತದೆ.

ಹಾಗಾದರೆ ಹದ ಯಾವುದು? ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ನೀವು ಬಳಸುವ ಸೂಜಿಯನ್ನೇ ಬಟ್ಟೆಯ ಮೂಲೆಯಲ್ಲಿ ಚುಚ್ಚಿ ತೆಗೆಯಿರಿ. ತೂತಿನ ಮೇಲೆ ಉಗುರಿನಿಂದ ಮೆಲ್ಲಗೆ ಉಜ್ಜಿ. ನೂಲುಗಳು ಮತ್ತೆ ಜಾಗಕ್ಕೆ ಬಂದು ತೂತು ಮುಚ್ಚಿಕೊಂಡರೆ ಆ ಬಟ್ಟೆಗೂ ಆ ಸೂಜಿಗೂ ಹೊಂದುತ್ತದೆ. ಸೂಜಿ ಒಳಗೆ ಹೋಗಲು ಹಟ ಮಾಡಿದರೆ ನೇಯ್ಗೆ ಬಿಗಿ. ಒಂದು ಅಂಗೈಯಗಲದ ಚಿತ್ರಕ್ಕೇ ನೂರಾರು ಸಲ ಚುಚ್ಚಬೇಕು, ಬೆರಳು ನೋಯುವ ಬಟ್ಟೆ ಬೇಡವೇ ಬೇಡ. ಚುಚ್ಚಿದ ಗುರುತು ಹಾಗೇ ಉಳಿದರೆ ಒಮ್ಮೆ ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಲು ಆಗುವುದಿಲ್ಲ. ನುಣುಪಾದ ರೇಷ್ಮೆಯಲ್ಲಿ ಈ ಕಷ್ಟ ಜಾಸ್ತಿ.

ಎಳೆ ಎಣಿಸಿ ಹಾಕುವ ಕ್ರಾಸ್ ಸ್ಟಿಚ್‌ನಂಥ ಕಸೂತಿಗೆ ಸಂದು ಕಣ್ಣಿಗೆ ಕಾಣಲೇಬೇಕು. ಐಡಾ ಬಟ್ಟೆಯಲ್ಲಿ ಹಲವು ನೂಲುಗಳನ್ನು ಗುಂಪು ಮಾಡಿ ಚೌಕ ಚೌಕವಾಗಿ ನೇಯ್ದಿರುತ್ತಾರೆ. ಮೇಲೆ 14 ಕೌಂಟ್ ಅಂತ ಬರೆದಿದ್ದರೆ ಒಂದು ಇಂಚಿಗೆ 14 ಚೌಕ. ಒಂದೊಂದು ಚೌಕ ಸುಮಾರು 1.8 ಮಿಲಿಮೀಟರ್. ಅಂಕಿ ದೊಡ್ಡದಾದಷ್ಟೂ ಚೌಕ ಚಿಕ್ಕದು, ಚಿತ್ರವೂ ಚಿಕ್ಕದು. ಇಂಚಿಗೆ 28 ಎಳೆ ಇರುವ 28 ಕೌಂಟ್ ಲಿನನ್‌ನಲ್ಲಿ ಎರಡೆರಡು ಎಳೆಗೆ ಒಂದು ಹೊಲಿಗೆ ಹಾಕಿದರೂ ಅದೇ 14ರ ಅಳತೆ ಬರುತ್ತದೆ. ಇಲ್ಲಿ ಒಂದು ಷರತ್ತು: ಹಾಸು ಮತ್ತು ಹೊಕ್ಕು ಇಂಚಿಗೆ ಸಮಸಮ ಇರಬೇಕು. ಇಲ್ಲದಿದ್ದರೆ ದುಂಡಗಿನ ಹೂವು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಈ ಕೆಲಸಕ್ಕೆ ಮೊಂಡು ತುದಿಯ ಸೂಜಿ. ಅದು ನೂಲನ್ನು ಸೀಳದೆ ಸಂದಿನಲ್ಲಿ ತಾನಾಗಿ ಜಾರುತ್ತದೆ. ಗೆರೆ ಬರೆದುಕೊಂಡು ಹಾಕುವ ಸರಪಳಿ ಹೊಲಿಗೆ, ದಾರವನ್ನು ಒತ್ತೊತ್ತಾಗಿ ಹಾಕಿ ಎಲೆ ಹೂವು ತುಂಬುವ ಸ್ಯಾಟಿನ್ ಸ್ಟಿಚ್ ಮುಂತಾದವಕ್ಕೆ ಚೂಪು ಸೂಜಿ ಬೇಕು. ಗೆರೆ ನೂಲಿನ ನಟ್ಟನಡುವೆ ಹೋಗಿದ್ದರೆ ನೂಲನ್ನೇ ಚುಚ್ಚಿ ಹೋಗಬೇಕಲ್ಲ.

ಇನ್ನೊಂದು ಪರೀಕ್ಷೆ ಎಳೆದು ನೋಡುವುದು. ಬಟ್ಟೆಯನ್ನು ಹಾಸಿನ ದಿಕ್ಕಿಗೆ ಎಳೆಯಿರಿ, ಅಷ್ಟಾಗಿ ಹಿಗ್ಗುವುದಿಲ್ಲ. ಈಗ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗುತ್ತದೆ! ನೂಲು ಒಂದಿಷ್ಟೂ ಉದ್ದವಾಗಿಲ್ಲ. ಚೌಕಗಳು ವಾಲಿಕೊಂಡು ಗಾಳಿಪಟದ ಆಕಾರಕ್ಕೆ ಬಂದಿವೆ, ಅಷ್ಟೇ. ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಕಸೂತಿ ರಿಂಗಿಗೆ ಬಟ್ಟೆ ಹಾಕಿದ ಮೇಲೆ ನಾವು ಮೂಲೆಗಳನ್ನು ಹಿಡಿದು ಬಿಗಿ ಮಾಡುತ್ತೇವಲ್ಲ, ಆಗ ಆಗುವುದೂ ಇದೇ. ವಾಲಿದ ಚೌಕದ ಮೇಲೆ ದುಂಡಗೆ ಹೊಲಿದಿರುತ್ತೇವೆ. ರಿಂಗ್ ತೆಗೆದ ಕೂಡಲೇ ಚೌಕ ನೆಟ್ಟಗಾಗುತ್ತದೆ, ವೃತ್ತ ಸೊಟ್ಟಗಾಗುತ್ತದೆ. ಹಾಸು ಹೊಕ್ಕಿನ ನೇರಕ್ಕೇ ಎಳೆದು ಬಿಗಿ ಮಾಡಿದರೆ ಈ ಗೋಳಿಲ್ಲ.

ಟೀ ಶರ್ಟ್ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅದು ಸ್ವೆಟರಿನ ಹಾಗೆ ಕುಣಿಕೆಗೆ ಕುಣಿಕೆ ಹೆಣೆದದ್ದು. ಎಲ್ಲ ಕಡೆಗೂ ಹಿಗ್ಗುತ್ತದೆ, ಹೊಲಿಗೆ ಹಿಗ್ಗುವುದಿಲ್ಲ. ಹಾಕಲೇಬೇಕು ಅನಿಸಿದರೆ ಹಿಂದೆ ಹಿಗ್ಗದ ತೆಳು ಬಟ್ಟೆ ಸೇರಿಸಿ ಹಾಕಿ. ಸ್ಯಾಟಿನ್ ಬಟ್ಟೆಯಲ್ಲಿ ನೂಲು ನಾಲ್ಕೈದು ನೂಲಿನ ಮೇಲೆ ಹಾರಿ ಒಂದರ ಕೆಳಗೆ ನುಗ್ಗುತ್ತದೆ. ಹೊಳಪು ಬರುವುದು ಆ ಉದ್ದದ ಹಾರಿಕೆಯಿಂದ, ಸೂಜಿಗೆ ಸಿಕ್ಕಿ ಎಳೆ ಕಿತ್ತುಬರುವುದೂ ಅದರಿಂದಲೇ. ಕಲಿಯುವವರಿಗೆ ಇವೆರಡೂ ಬೇಡ.

ಇನ್ನು ನೀರಿನ ವಿಷಯ. ನಾನು ಒಮ್ಮೆ ಹೊಸ ಕಾಟನ್ ಬಟ್ಟೆಯನ್ನು ತೊಳೆಯದೆ ಹಾಗೇ ರಿಂಗಿಗೆ ಹಾಕಿ, ಮೂರು ವಾರ ಕೂತು ಒಂದು ಬಳ್ಳಿ ಹೊಲಿದಿದ್ದೆ. ಮೊದಲ ಸಲ ಒಗೆದಾಗಲೇ ಬಳ್ಳಿಯ ಉದ್ದಕ್ಕೂ ನಿರಿಗೆ ಬಿತ್ತು. ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲ. ತುಂಬಾ ಬೇಜಾರಾಯಿತು. ಕಾರಣ ತಿಳಿದದ್ದು ಆಮೇಲೆ.

ಹತ್ತಿಯ ನಾರು ನೀರು ಕುಡಿದಾಗ ಉದ್ದದಲ್ಲಿ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ದಪ್ಪದಲ್ಲಿ ಮಾತ್ರ ಚೆನ್ನಾಗಿ ಉಬ್ಬುತ್ತದೆ. ಈಗ ನೇಯ್ಗೆಯನ್ನು ನೆನೆಸಿಕೊಳ್ಳಿ. ಹಾಸಿನ ನೂಲು ಪ್ರತಿ ಹೊಕ್ಕನ್ನೂ ಮೇಲೆ ಕೆಳಗೆ ಸುತ್ತಿಕೊಂಡು ಹೋಗುತ್ತದೆ. ಹೊಕ್ಕು ದಪ್ಪವಾದರೆ ಅದನ್ನು ಸುತ್ತಲು ಜಾಸ್ತಿ ನೂಲು ಬೇಕು. ನೂಲು ಉದ್ದವಾಗಿಲ್ಲ, ಹೆಚ್ಚಿನದು ಎಲ್ಲಿಂದ ಬರಬೇಕು? ಬಟ್ಟೆಯೇ ಕುಗ್ಗಿ ಕೊಡಬೇಕು. ಅದರ ಜೊತೆಗೆ ಮಗ್ಗದಲ್ಲಿ ಬಿಗಿಯಾಗಿ ಎಳೆಸಿಕೊಂಡಿದ್ದ ನೂಲು ನೀರು ಬಿದ್ದೊಡನೆ ಸಡಿಲಗೊಂಡು ತನ್ನ ಅಳತೆಗೆ ಮರಳುತ್ತದೆ. ಬಟ್ಟೆ ಹೀಗೆ ಕುಗ್ಗುವಾಗ ಮೇಲಿರುವ ಕಸೂತಿ ದಾರ ಅಷ್ಟೇ ಕುಗ್ಗದಿದ್ದರೆ ನಿರಿಗೆ ಬೀಳದೆ ಇರುತ್ತದೆಯೇ? ಹಾಗಾಗಿ ಕಾಟನ್ ಆಗಲಿ ಲಿನನ್ ಆಗಲಿ, ಮೊದಲು ತೊಳೆದು ಒಣಗಿಸಿ ಇಸ್ತ್ರಿ ಮಾಡಿಕೊಂಡೇ ಸೂಜಿ ಹಿಡಿಯಬೇಕು. ತೊಳೆದರೆ ಗಂಜಿಯೂ ಹೋಗುತ್ತದೆ, ಬಟ್ಟೆಯ ನಿಜವಾದ ನೇಯ್ಗೆ ಎಷ್ಟು ಸಡಿಲ ಎಂದು ಆಗ ತಿಳಿಯುತ್ತದೆ. ಗಾಢ ಬಣ್ಣದ ಬಟ್ಟೆ ಬಣ್ಣ ಬಿಡುತ್ತದೋ ಇಲ್ಲವೋ ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ ಎಂದೇ ಹೇಳಬಹುದು, ಆದ್ದರಿಂದ ಹೀಗೆ ಉಬ್ಬುವುದಿಲ್ಲ. ಆದರೆ ಅದರ ನಾರು ನುಣುಪು, ದಾರ ಜಾರುತ್ತದೆ. ಬಿಸಿ ಇಸ್ತ್ರಿಗೆ ಕರಗುವ ಭಯವೂ ಇದೆ. ಲಿನನ್ ಇದಕ್ಕೆ ಪೂರ್ತಿ ವಿರುದ್ಧ. ಅಗಸೆ ಗಿಡದ ಕಾಂಡದ ನಾರು ಅದು. ಗಟ್ಟಿ, ಸುಲಭಕ್ಕೆ ಹಿಗ್ಗದು, ಹಾಕಿದ ಹೊಲಿಗೆ ಹಾಕಿದಲ್ಲೇ ಕೂರುತ್ತದೆ. ಫ್ರಾನ್ಸಿನ ಬೇಯೂ ಊರಿನ ಹೆಸರಿರುವ 11ನೇ ಶತಮಾನದ ಬೇಯೂ ಟ್ಯಾಪೆಸ್ಟ್ರಿ ಹೆಸರಿಗೆ ಟ್ಯಾಪೆಸ್ಟ್ರಿ, ಅಂದರೆ ಮಗ್ಗದಲ್ಲೇ ಚಿತ್ರ ನೇಯ್ದ ಬಟ್ಟೆ, ನಿಜಕ್ಕೂ ಅದು ಲಿನನ್ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಕಸೂತಿ. ಸುಮಾರು 70 ಮೀಟರ್ ಉದ್ದ. ಇವತ್ತಿಗೂ ಅದರ ಕುದುರೆಗಳ ಕಾಲು ಎಣಿಸಬಹುದು.

ಬಟ್ಟೆ ಕೈಯಲ್ಲಿದ್ದರೆ ಮೂಲೆಯಿಂದ ಅಂಗೈಯಗಲದ ತುಂಡು ಕತ್ತರಿಸಿಕೊಳ್ಳಿ. ತೊಳೆದು ಒಣಗಿಸಿ. ಕಸೂತಿ ದಾರದ ಆರು ಎಳೆಗಳಲ್ಲಿ ಎರಡನ್ನು ಬಿಡಿಸಿಕೊಂಡು ಒಂದು ಎಲೆ ತುಂಬಿ. ಪಕ್ಕದಲ್ಲಿ ಮೂರು ಎಳೆಯಿಂದ ಇನ್ನೊಂದು ಎಲೆ. ರಿಂಗ್ ತೆಗೆದು ಮತ್ತೆ ನೀರಿನಲ್ಲಿ ಅದ್ದಿ, ಒಣಗಿದ ಮೇಲೆ ದಪ್ಪ ಟವೆಲ್ ಮೇಲೆ ಮಗುಚಿ ಹಾಕಿ ಇಸ್ತ್ರಿ ಮಾಡಿ. ಆಮೇಲೆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಎಲೆಗಳ ಅಂಚು ನೋಡಿ. ಅಂಚಿನ ಪಕ್ಕದ ಚೌಕಗಳು ಇನ್ನೂ ಚೌಕವಾಗಿಯೇ ಇವೆಯಾ?