ಕಡಲನ್ನು ನಂಬಿದವರು, ದೇವರನ್ನು ನಂಬಿದವರು

ಕಳೆದ ಮಳೆಗಾಲದ ಒಂದು ಸಂಜೆ ಅತ್ತೆ-ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದರು. ಅತ್ತೆ ಕಾರವಾರದ ಕೋಡಿಬಾಗದವರು, ಕೊಂಕಣಿ ಮಾತನಾಡುವ ಕಥೋಲಿಕರು. ಸೊಸೆ ಆಂಧ್ರದ ಓಂಗೋಲು ಕಡೆಯ ಬ್ಯಾಪ್ಟಿಸ್ಟ್ ಮನೆತನದವಳು. ಮಗನಿಗೆ ಕೈಗಾದಲ್ಲಿ ಕೆಲಸ. ಗುರುತು ಸಿಗದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಅದಕ್ಕೆ ಕೆಲವು ವಾರ ಮೊದಲು ಒಂದು ರಾತ್ರಿ ಏಳು ತಿಂಗಳ ಮಗುವಿಗೆ ಜ್ವರ ಏರಿತ್ತು. ಹೊರಗೆ ಜಡಿಮಳೆ, ಒಳಗೆ ಕರೆಂಟ್ ಇಲ್ಲ. ಮಗ ರಾತ್ರಿ ಪಾಳಿಗೆ ಹೋಗಿದ್ದ. ಸೊಸೆ ಆಟೋ ಕರೆತರಲು ರಸ್ತೆಗೆ ಓಡಿದ್ದಳು. ಅಷ್ಟರಲ್ಲಿ ಮಗುವಿಗೆ ಫಿಟ್ಸ್ ಬಂತು. ಅತ್ತೆ ಅಡುಗೆಮನೆಯಿಂದ ಸ್ಟೀಲ್ ಲೋಟದಲ್ಲಿ ನೀರು ತಂದು, ಮಗುವಿನ ನೆತ್ತಿಯ ಮೇಲೆ ಮೂರು ಸಲ ಹೊಯ್ದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಕೊಟ್ಟರು. ಮಗು ಬದುಕಿತು, ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಮೂರು ವಾರದ ಮೇಲೆ ಸಂಗತಿ ಹೊರಬಿದ್ದಾಗ ಮನೆಯಲ್ಲಿ ಮಾತು ನಿಂತುಹೋಯಿತು.

“ನನ್ನ ಮಗಳು ದೊಡ್ಡವಳಾಗಿ ತಾನೇ ಇಡಬೇಕಾದ ಹೆಜ್ಜೆ ಅದು, ಪಾಸ್ಟರ್. ಅದನ್ನು ಅವಳ ಕೈಯಿಂದ ಕಿತ್ತುಕೊಂಡರು” ಎಂದಳು ಸೊಸೆ.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಮಗು ಹಾಗೆಯೇ ಹೋಗಿಬಿಟ್ಟಿದ್ದರೆ?”

ಇಬ್ಬರ ಸಭೆಗೂ (ಚರ್ಚಿಗೂ) ಸೇರದ ನನ್ನ ಬಳಿಗೆ ಅವರು ಬಂದದ್ದಕ್ಕೆ ಕಾರಣವಿದೆ. ನಾನು ಪ್ರೊಟೆಸ್ಟಂಟ್ ಸಭಾಪಾಲಕ. ನಮ್ಮದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬಳುವಳಿ. ನಂಬಿಕೆಯಿಂದಲೇ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಎಂದು ಬೋಧಿಸುತ್ತೇವೆ, ಹಸುಗೂಸಿಗೂ ದೀಕ್ಷಾಸ್ನಾನ ಕೊಡುತ್ತೇವೆ. ಆದ್ದರಿಂದ ಇಬ್ಬರಿಗೂ ನಾನು ಅರ್ಧ ನೆಂಟ. ಇಂಥ ಮನೆಗಳು ನಮ್ಮ ಕರಾವಳಿಯಲ್ಲಿ ಹೆಚ್ಚುತ್ತಿವೆ. ಗೋವೆಯ ಕಡೆಯಿಂದ ಬಂದು ನೆಲೆಸಿದ ಹಳೆಯ ಕಥೋಲಿಕ ಕುಟುಂಬಗಳಿವೆ, ಹಳಿಯಾಳ-ಯಲ್ಲಾಪುರದ ಸಿದ್ದಿ ಕ್ರೈಸ್ತರಿದ್ದಾರೆ. ನೌಕಾನೆಲೆ ಮತ್ತು ಕೈಗಾ ಬಂದ ಮೇಲೆ ಕೇರಳ, ಆಂಧ್ರ, ಈಶಾನ್ಯದ ಸಭೆಗಳವರೂ ನೆರೆಹೊರೆಯಾದರು. ಮಕ್ಕಳು ಮೆಚ್ಚಿ ಮದುವೆಯಾಗುತ್ತಾರೆ. ಜಗಳ ಹುಟ್ಟುವುದು ಮೊದಲ ಮಗು ಹುಟ್ಟಿದಾಗ, ಇಲ್ಲವೇ ಮನೆಯ ಹಿರಿಯರು ತೀರಿಕೊಂಡಾಗ.

ಆ ಜಗಳದಲ್ಲಿ ಕೇಳಿಬರುವ ಎರಡು ಮಾತುಗಳನ್ನು ಮೊದಲು ಬದಿಗಿಡಬೇಕು. ಕಥೋಲಿಕರು ಸತ್ಕ್ರಿಯೆ ಮಾಡಿ ರಕ್ಷಣೆಯನ್ನು ಸಂಪಾದಿಸಲು ಹೊರಟವರು ಎಂಬುದು ಒಂದು. ಪ್ರೊಟೆಸ್ಟಂಟರು ‘ನಂಬಿದ್ದೇನೆ’ ಎಂದು ಹೇಳಿ ಮನಬಂದಂತೆ ಬದುಕುವವರು ಎಂಬುದು ಇನ್ನೊಂದು. ಎರಡೂ ಸುಳ್ಳು. 1547ರ ಜನವರಿಯಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಈ ವಿಷಯದಲ್ಲಿ ಹೊರಡಿಸಿದ 33 ವಿಧಿಗಳಲ್ಲಿ ಮೊದಲನೆಯದೇ, ದೇವರ ಕೃಪೆಯಿಲ್ಲದೆ ಮನುಷ್ಯನು ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಎನ್ನುವವರನ್ನು ಖಂಡಿಸುತ್ತದೆ. ಇತ್ತ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನ ಕಡೆಯವರು 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಚಕ್ರವರ್ತಿಯ ಮುಂದಿಟ್ಟ ವಿಶ್ವಾಸಪತ್ರದ ಆರನೆಯ ಪರಿಚ್ಛೇದ, ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು ಎನ್ನುತ್ತದೆ. ತಮ್ಮ ಸಭೆಯ ಈ ಕಾಗದಗಳನ್ನು ಓದದೆಯೇ ಜನ ಒಬ್ಬರನ್ನೊಬ್ಬರು ನರಕಕ್ಕೆ ಕಳುಹಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ನಿಜವಾದ ಭೇದ ಎಲ್ಲಿದೆ? ಕನ್ನಡದ ಎರಡು ಬೈಬಲ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರವನ್ನು ಓದಿದರೆ ಅದು ಕಣ್ಣಿಗೆ ಬೀಳುತ್ತದೆ. ನಮ್ಮ ಹಳೆಯ ಸತ್ಯವೇದದಲ್ಲಿ ಮನುಷ್ಯನು ‘ನಂಬಿಕೆ’ಯಿಂದ ‘ನೀತಿವಂತನೆಂದು ನಿರ್ಣಯ’ ಹೊಂದುತ್ತಾನೆ. ಕಥೋಲಿಕರ ಕೈಯಲ್ಲಿರುವ ಅನುವಾದದಲ್ಲಿ ‘ವಿಶ್ವಾಸ’ದಿಂದ ದೇವರೊಡನೆ ‘ಸತ್ಸಂಬಂಧ’ಕ್ಕೆ ಬರುತ್ತಾನೆ. ಮೂಲದ ಗ್ರೀಕ್ ಶಬ್ದ ಒಂದೇ. ಮೊದಲನೆಯದನ್ನು ಓದುವಾಗ ಕಣ್ಣಮುಂದೆ ಕೋರ್ಟು ಬರುತ್ತದೆ: ತಪ್ಪಿತಸ್ಥ ಕಟಕಟೆಯಲ್ಲಿದ್ದಾನೆ, ನ್ಯಾಯಾಧೀಶ ಬಿಡುಗಡೆಯ ತೀರ್ಪು ಓದುತ್ತಾನೆ. ಎರಡನೆಯದರಲ್ಲಿ ಮನೆ ಬರುತ್ತದೆ: ಮುನಿಸಿಕೊಂಡು ಹೋದ ಮಗ ಹೊಸಿಲು ದಾಟಿ ಒಳಗೆ ಬರುತ್ತಾನೆ. ಗ್ರೀಕಿನಲ್ಲಿ ಕೋರ್ಟಿನ ವಾಸನೆಯಿದ್ದ ಆ ಶಬ್ದ ಲ್ಯಾಟಿನ್ನಿಗೆ ಹೋದಾಗ ‘ನೀತಿವಂತನನ್ನಾಗಿ ಮಾಡು’ ಎಂಬ ರೂಪ ತಳೆಯಿತು. ಅಗಸ್ಟೀನನಿಂದ ಆಚೆಗೆ ಸಾವಿರ ವರ್ಷ ಪಶ್ಚಿಮದ ಸಭೆ ಅದನ್ನು ಹಾಗೆಯೇ ಓದಿತು. ದೇವರು ಪಾಪಿಯನ್ನು ನೀತಿವಂತನೆಂದು ಘೋಷಿಸುತ್ತಾನೋ, ಒಳಗಿನಿಂದ ನೀತಿವಂತನನ್ನಾಗಿ ಮಾಡುತ್ತಾನೋ? ಘೋಷಣೆಯಾದರೆ ಕೆಲಸ ಒಂದೇ ಕ್ಷಣದಲ್ಲಿ ಮುಗಿಯಿತು, ಸತ್ಕ್ರಿಯೆ ಅದರ ಫಲ. ಮಾಡುವುದಾದರೆ ಅದು ಬದುಕಿನುದ್ದಕ್ಕೂ ಬೆಳೆಯುವ ಸಂಗತಿ, ಸತ್ಕ್ರಿಯೆ ಆ ಬೆಳವಣಿಗೆಯೊಳಗೇ ಸೇರುತ್ತದೆ. ಕಥೋಲಿಕ-ಪ್ರೊಟೆಸ್ಟಂಟ್ ಎಂದು ಸಭೆ ಒಡೆದ ಹದಿನಾರನೆಯ ಶತಮಾನದ ಬಿರುಕಿನ ಬಹುಭಾಗ ಇಲ್ಲಿಂದಲೇ ಬಾಯಿಬಿಟ್ಟಿತು.

1522ರಲ್ಲಿ ಲೂಥರ್ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ 3:28ಕ್ಕೆ ‘ಮಾತ್ರ’ ಎಂಬ ಪದ ಸೇರಿಸಿದ. ಗ್ರೀಕಿನಲ್ಲಿ ಅದಿಲ್ಲ. ನಂಬಿಕೆಯ ಜೊತೆ ‘ಮಾತ್ರ’ ಕಾಣಿಸಿಕೊಳ್ಳುವುದು ಯಾಕೋಬನ ಪತ್ರದ 2:24ರಲ್ಲಿ, ಅದೂ ‘ನಂಬಿಕೆಯಿಂದ ಮಾತ್ರವಲ್ಲ’ ಎಂದು. ಕಥೋಲಿಕ ಗೆಳೆಯರು ಇದನ್ನು ಎತ್ತಿ ತೋರಿಸಿದಾಗ ನಾನು ಒಪ್ಪಿಕೊಳ್ಳುತ್ತೇನೆ. ವಾಕ್ಯದ ಅರ್ಥವೇ ಅದನ್ನು ಬೇಡುತ್ತದೆ ಎಂಬ ಲೂಥರನ ಸಮರ್ಥನೆಯಲ್ಲಿ ಹುರುಳಿದೆ ಎಂದೂ ಸೇರಿಸುತ್ತೇನೆ.

ಪೌಲ, ಯಾಕೋಬ ಇಬ್ಬರೂ ಅಬ್ರಹಾಮನ ಕುರಿತ ಒಂದೇ ವಚನವನ್ನು, ಆದಿಕಾಂಡ 15:6ನ್ನು, ಹಿಡಿದು ವಾದಿಸುತ್ತಾರೆ. ಆದರೆ ಎದುರಿಗಿದ್ದ ಜನ ಬೇರೆ. ಸುನ್ನತಿಯಾಗದೆ, ಧರ್ಮಶಾಸ್ತ್ರದ ಊಟೋಪಚಾರ ಪಾಲಿಸದೆ ಒಳಗೆ ಪ್ರವೇಶವಿಲ್ಲ ಎನ್ನುತ್ತಿದ್ದವರಿಗೆ ಪೌಲ ಉತ್ತರಿಸುತ್ತಿದ್ದ. ಹಸಿದು ಬಂದವನಿಗೆ ಅನ್ನ ಕೊಡದೆ ‘ಸಮಾಧಾನದಿಂದ ಹೋಗು’ ಎಂದು ಹರಸಿ ಕಳುಹಿಸುತ್ತಿದ್ದವರನ್ನು ಯಾಕೋಬ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ದೆವ್ವಗಳೂ ನಂಬಿ ನಡುಗುತ್ತವೆ ಎನ್ನುವಾಗ ಅವನ ಮನಸ್ಸಿನಲ್ಲಿದ್ದದ್ದು ‘ದೇವರಿದ್ದಾನೆ’ ಎಂಬ ಬರೀ ಒಪ್ಪಿಗೆ.

ಇಲ್ಲಿ ನಮ್ಮ ಕನ್ನಡ ನನಗೆ ದೊಡ್ಡ ಗುರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೈತಖೋಲ ಬಂದರಿನಲ್ಲಿ ಬೋಟ್‌ಗಳು ಸಾಲಾಗಿ ಕಟ್ಟಿಹಾಕಿಕೊಂಡಿರುತ್ತವೆ. ಒಮ್ಮೆ ತಾಡಪಾಲಿನ ಕೆಳಗೆ ಒಬ್ಬರು ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದರು. ಏನು ಸಮಾಚಾರ ಎಂದರೆ, “ನಾವು ಕಡಲನ್ನು ನಂಬಿದವರು, ಇದನ್ನು ಬಿಟ್ಟು ಬೇರೆ ಏನಿದೆ?” ಎಂದರು. ಕಡಲಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಯಾರೂ ‘ಕಡಲನ್ನು ನಂಬಿದವರು’ ಎನ್ನುವುದಿಲ್ಲ. ಅದರ ಮೇಲೆ ಬದುಕನ್ನು ಹೊರಿಸಿದವರಿಗೆ ಆ ಮಾತು ಸಲ್ಲುತ್ತದೆ. ಅವರು ಹೆಣೆದ ಬಲೆ ಕಡಲಿಗೆ ಒಂದು ಮೀನನ್ನೂ ಸೇರಿಸದು. ಆದರೆ ಕಡಲನ್ನು ನಂಬಿದವನು ಬಲೆ ಹೆಣೆಯದೆ ಇರಲಾರ. ಪೌಲನ ನಂಬಿಕೆ ಎಂದರೆ ಇದೇ ಎಂದು ನಾನು ತಿಳಿದಿದ್ದೇನೆ, ಯಾಕೋಬನೂ ಇದನ್ನು ತಳ್ಳಿಹಾಕುತ್ತಿರಲಿಲ್ಲ.

ಶಿರಸಿಯ ನಿವೃತ್ತ ಶಿಕ್ಷಕರೊಬ್ಬರಿಗೆ ಇದನ್ನು ವಿವರಿಸುತ್ತಿದ್ದಾಗ ಅವರು ಶ್ರೀವೈಷ್ಣವರ ಎರಡು ಪಂಗಡಗಳ ಮಾತನ್ನು ನೆನಪಿಸಿದರು. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು, ಅದು ವಡಗಲೆಯವರ ಮರ್ಕಟ ನ್ಯಾಯ. ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿ ಎತ್ತುತ್ತದೆ, ಅದು ತೆಂಗಲೆಯವರ ಮಾರ್ಜಾಲ ನ್ಯಾಯ. ಆ ದಿನದಿಂದ ತರಗತಿಗಳಲ್ಲಿ ಇದನ್ನು ಬಳಸುತ್ತಿದ್ದೇನೆ, ಯುವಕರಿಗೆ ತಟ್ಟನೆ ಹಿಡಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಕಥೋಲಿಕರನ್ನು ಕೋತಿಮರಿಗೆ, ನಮ್ಮನ್ನು ಬೆಕ್ಕಿನಮರಿಗೆ ಹೊಂದಿಸಿ ಮುಗಿಸುವಂತಿಲ್ಲ. ಹಿಡಿಯುವ ಕೈಗೆ ಬಲ ಬರುವುದೂ ತಾಯಿಯಿಂದಲೇ ಎಂದು ಕಥೋಲಿಕ ಬೋಧನೆ 529ರ ಆರೆಂಜ್ ಸಭೆಯಷ್ಟು ಹಿಂದಿನಿಂದ ಹೇಳಿಕೊಂಡು ಬಂದಿದೆ.

ದೀಕ್ಷಾಸ್ನಾನದ ವಿಷಯಕ್ಕೆ ಬಂದರೆ ಪಕ್ಷಗಳೇ ಬದಲಾಗುತ್ತವೆ. ‘ನಂಬಿಕೆ ಮಾತ್ರ’ ಎಂದ ಲೂಥರನೇ 1529ರ ಕಿರು ಪ್ರಶ್ನೋತ್ತರಿಯಲ್ಲಿ, ದೀಕ್ಷಾಸ್ನಾನ ಪಾಪಕ್ಷಮೆಯನ್ನು ಉಂಟುಮಾಡುತ್ತದೆ, ನಂಬುವವರಿಗೆ ನಿತ್ಯರಕ್ಷಣೆ ಕೊಡುತ್ತದೆ ಎಂದು ಬರೆದ. ಇಲ್ಲಿ ಅವನು ರೋಮಿನ, ಅಂದರೆ ಕಥೋಲಿಕರ, ಪಕ್ಕದಲ್ಲಿ ನಿಲ್ಲುತ್ತಾನೆ. ಅವನ ದೃಷ್ಟಿಯಲ್ಲಿ ಸ್ನಾನ ಮನುಷ್ಯ ದೇವರಿಗೆ ಮಾಡುವ ಕ್ರಿಯೆಯಲ್ಲ, ದೇವರು ಮನುಷ್ಯನಿಗೆ ಮಾಡುವ ಕ್ರಿಯೆ. ಸೊಸೆಯ ಸಭೆಯವರಿಗೆ ಅದು ಈಗಾಗಲೇ ನಂಬಿದವನು ಎಲ್ಲರ ಮುಂದೆ ಕೊಡುವ ಸಾಕ್ಷಿ. ನಂಬಲು ಬಾರದ ಕೂಸಿಗೆ ನೀರು ಹಾಕುವುದರಲ್ಲಿ ಅವರಿಗೆ ಅರ್ಥ ಕಾಣದು. ಈ ನಿಲುವಿಗೆ ಜನ ಪ್ರಾಣವನ್ನೇ ತೆತ್ತಿದ್ದಾರೆ. 1525ರ ಜನವರಿಯಲ್ಲಿ ಜ್ಯೂರಿಕ್ಕಿನಲ್ಲಿ ಕೆಲವರು ವಯಸ್ಕರಾಗಿ ಮತ್ತೆ ದೀಕ್ಷಾಸ್ನಾನ ಪಡೆದರು. ಎರಡು ವರ್ಷದ ಮೇಲೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ನಗರದ ಅಧಿಕಾರಿಗಳು ಕೈಕಾಲು ಕಟ್ಟಿ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಅಧಿಕಾರಿಗಳೂ ಪ್ರೊಟೆಸ್ಟಂಟರೇ. ನನ್ನ ಸಭೆಯ ವಂಶಾವಳಿ ಅವರ ಕಡೆಗೂ ಹೋಗುತ್ತದೆ. ಅದನ್ನು ನೆನೆದಾಗಲೆಲ್ಲ ಬ್ಯಾಪ್ಟಿಸ್ಟರೊಡನೆ ನನ್ನ ದನಿ ತಾನಾಗಿ ತಗ್ಗುತ್ತದೆ.

ಸತ್ಯವೇದದಲ್ಲಿ ಎರಡೂ ಕಡೆಗೆ ಆಧಾರವಿದೆ. ಮಾನಸಾಂತರಪಟ್ಟು ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಪಡೆಯಿರಿ ಎಂದು ಅಪೊಸ್ತಲರ ಕೃತ್ಯಗಳ 2:38ರಲ್ಲಿ ಪೇತ್ರ ಹೇಳುತ್ತಾನೆ. ಅದೇ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಕೊರ್ನೇಲ್ಯನ ಮನೆಯವರ ಮೇಲೆ ನೀರು ಬೀಳುವ ಮೊದಲೇ ಪವಿತ್ರಾತ್ಮ ಇಳಿಯುತ್ತಾನೆ. ಹಾಗಿದ್ದರೂ ಪೇತ್ರ ನೀರು ಬೇಡ ಎನ್ನಲಿಲ್ಲ. ಶಿಲುಬೆಯ ಮೇಲಿದ್ದ ಕಳ್ಳನಿಗೆ ನೀರೂ ಇಲ್ಲ, ಸತ್ಕ್ರಿಯೆಗೆ ಬಿಡುವೂ ಇಲ್ಲ, ಆದರೂ ಪರದೈಸು (ಸ್ವರ್ಗ) ಸಿಕ್ಕಿತು.

ಇನ್ನು ಅಂದಿನ ಸಂಜೆಯ ಮಾತು. ಅತ್ತೆ ಮಾಡಿದ್ದು ಅವರ ಸಭೆಯ ನಿಯಮದಲ್ಲಿ ಸಿಂಧು. ಪ್ರಾಣಾಪಾಯದಲ್ಲಿ ಸರಿಯಾದ ಉದ್ದೇಶವುಳ್ಳ ಯಾರೇ ಆದರೂ ನೀರು ಹೊಯ್ದು ತ್ರಯೇಕ ದೇವರ ಹೆಸರು ಹೇಳಿ ದೀಕ್ಷಾಸ್ನಾನ ಕೊಡಬಹುದು, ಅದನ್ನು ಮತ್ತೆ ಕೊಡುವಂತಿಲ್ಲ. ಸೊಸೆಗೆ ಇದನ್ನು ಮುಚ್ಚಿಡದೆ ಹೇಳಿದೆ. ನಿನ್ನ ಸಭೆ ಇದನ್ನು ದೀಕ್ಷಾಸ್ನಾನವೆಂದು ಎಣಿಸುವುದಿಲ್ಲ, ಆದ್ದರಿಂದ ಅವರ ಲೆಕ್ಕದಲ್ಲಿ ಮಗಳ ಹೆಜ್ಜೆ ಅವಳಿಗೇ ಉಳಿದಿದೆ ಎಂದೂ ಹೇಳಿದೆ. ಮೂರು ವಾರ ಮುಚ್ಚಿಟ್ಟದ್ದು ತಪ್ಪು ಎಂದು ಅತ್ತೆಗೆ ನೇರವಾಗಿಯೇ ತಿಳಿಸಿದೆ.

ಆಮೇಲೆ ಅತ್ತೆಯ ಪ್ರಶ್ನೆಗೆ ಬಂದೆ. ಉತ್ತರವನ್ನು ನನ್ನ ಸಭೆಯಿಂದ ತರಲಿಲ್ಲ, ಅವರ ಸಭೆಯಿಂದಲೇ ತಂದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1257ನೆಯ ಕಂಡಿಕೆಯಲ್ಲಿ ಒಂದು ಮಾತಿದೆ: ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳನ್ನು ಅದೇ ಗ್ರಂಥ ದೇವರ ಕರುಣೆಗೆ ಒಪ್ಪಿಸುತ್ತದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ನಂತರ, ಮದುವೆಯಾದ ಮೂರನೆಯ ವರ್ಷ ತಮಗೊಂದು ಕೂಸು ಹುಟ್ಟಿ ಗಂಟೆಯೊಳಗೆ ತೀರಿಕೊಂಡಿತ್ತೆಂದೂ, ನೀರು ಹಾಕುವಷ್ಟು ಹೊತ್ತೂ ಸಿಗಲಿಲ್ಲವೆಂದೂ ಹೇಳಿದರು. ಸೊಸೆಗೆ ಅದು ಗೊತ್ತಿರಲಿಲ್ಲ.

ಸಭೆಗಳ ನಡುವೆ ಭೇದ ಮುಗಿದಿದೆ ಎಂದು ನಾನು ಹೇಳಲಾರೆ. 1999ರ ಅಕ್ಟೋಬರ್ 31ರಂದು ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಸಭೆ ಆಗ್ಸ್‌ಬರ್ಗಿನಲ್ಲೇ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮಲ್ಲಿರುವ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂದು ಇಬ್ಬರೂ ಒಪ್ಪಿದರು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಸೇರಿಕೊಂಡವು. ಸತ್ಕ್ರಿಯೆಯ ಪ್ರತಿಫಲ, ಶುದ್ಧೀಕರಣ ಸ್ಥಳ, ಸತ್ತವರಿಗಾಗಿ ಪ್ರಾರ್ಥನೆ ಇವೆಲ್ಲ ಹಾಗೆಯೇ ಉಳಿದಿವೆ. ಸತ್ತವರನ್ನು ನೆನೆಯುವ ನವೆಂಬರ್ ಎರಡರಂದು ಕಥೋಲಿಕರ ಸಮಾಧಿಗಳ ಮೇಲೆ ಮೇಣದಬತ್ತಿ ಉರಿಯುತ್ತದೆ, ನಮ್ಮವರು ಹಚ್ಚುವುದಿಲ್ಲ.

ಹೊರಡುವ ಮುನ್ನ ಸೊಸೆ, “ಅತ್ತೆ, ಆ ರಾತ್ರಿ ಏನೆಂದು ಹೇಳಿದಿರಿ?” ಎಂದು ಕೇಳಿದಳು. ಅವರು ಕೊಂಕಣಿಯಲ್ಲಿ ಹೇಳಿದರು. ಅವಳಿಗೆ ಕೊಂಕಣಿ ಅಷ್ಟಾಗಿ ಬಾರದು, ಆದರೂ ಮೂರು ಹೆಸರುಗಳು ತಿಳಿದವು. ಹದಿನೇಳನೆಯ ವಯಸ್ಸಿನಲ್ಲಿ ಗುಂಡ್ಲಕಮ್ಮ ನದಿಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದಾಗ ತನ್ನ ಮೇಲೆ ಪಾಸ್ಟರ್ ಉಚ್ಚರಿಸಿದ ಮಾತನ್ನು ಅವಳು ತೆಲುಗಿನಲ್ಲಿ ಹೇಳಿದಳು. ಅತ್ತೆ ಮಗುವನ್ನು ಅವಳ ಕೈಗೆ ಕೊಟ್ಟು ಕೊಡೆ ಬಿಚ್ಚಿದರು.

ಮಗುವಿನ ಹೆಸರನ್ನು ಯಾವ ಸಭೆಯ ದಾಖಲೆಯಲ್ಲಿ ಬರೆಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮಗನಿಗೆ ರಜೆ ಸಿಕ್ಕಾಗ ಮೂವರೂ ಬರುತ್ತೇವೆ ಎಂದಿದ್ದಾರೆ.